ಬಳ್ಳಿಗಾವಿಯ ಕಂಬದ ಮೇಲಿನ ಹಕ್ಕಿ

ಕೇಳುಗರಿಗೆ ನಮಸ್ಕಾರ.

ರಾಜಮನೆತನದ ಲಾಂಛನ ಎಂದೊಡನೆ ಸಿಂಹವೋ ಹುಲಿಯೋ ನೆನಪಾಗುವುದು ಸಹಜ. ಆದರೆ ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿನ ಕಲ್ಲುಕಂಬದ ಮೇಲೆ ಕವಿ ಕುಬ್ಜನು ಹೇಳುವ ಕಥೆ ಬೇರೆಯೇ ಆಗಿದೆ. ಕದಂಬರ ಪೂರ್ವಜರ ಮನೆಯ ಬಳಿ ಒಂದು ಕದಂಬದ ಮರವಿತ್ತು. ಮನೆಯವರು ಅದನ್ನು ಅಕ್ಕರೆಯಿಂದ ಆರೈಕೆ ಮಾಡಿದರು. ಮರದ ಹೆಸರೇ ಮನೆತನಕ್ಕೂ ನಿಂತಿತು. ಮುಂದೆ ಹಾನಗಲ್ಲು, ಗೋವೆಗಳ ಕದಂಬ ಶಾಖೆಗಳ ಬಿರುದಾವಳಿಯಲ್ಲಿ ಸಿಂಹಲಾಂಛನವೂ ವಾನರಧ್ವಜವೂ ಒಟ್ಟಿಗೇ ಬರುತ್ತವೆ. ಒಂದೇ ಮನೆಗೆ ಎರಡು ಪ್ರಾಣಿಗಳೇಕೆ ಎಂದು ಗಲಿಬಿಲಿಯಾಗಬೇಕಿಲ್ಲ. ಲಾಂಛನವು ದಾನಪತ್ರದ ಮೇಲೆ ಒತ್ತುವ ಮುದ್ರೆ, ಅಂದರೆ ಅರಸನ ರುಜು. ಧ್ವಜವು ದಂಡಿನ ಮುಂದೆ ಸಾಗುವ ಗುರುತು.

ತಾಳಗುಂದಕ್ಕೆ ಹತ್ತಿರದಲ್ಲೇ ಇರುವ ಬಳ್ಳಿಗಾವಿಯಲ್ಲಿ ಇನ್ನೊಂದು ಕಂಬವಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಸಾಮಂತನಾಗಿದ್ದ ಚಾಮುಂಡರಾಯರಸನು 1047ರಲ್ಲಿ ನಿಲ್ಲಿಸಿದ ಈ ಕಂಬ ಸುಮಾರು 30 ಅಡಿ ಎತ್ತರವಿದ್ದು, ತುದಿಯಲ್ಲಿ ಗಂಡಭೇರುಂಡವನ್ನು ಹೊತ್ತಿದೆ. ಕುತ್ತಿಗೆ ನೋಯುವಷ್ಟು ತಲೆಯೆತ್ತಿ ನೋಡಿದರೆ ಕಾಣುವುದು ನಾವು ಚಿತ್ರಗಳಲ್ಲಿ ಕಂಡು ಬಲ್ಲ ಹಕ್ಕಿಯಲ್ಲ: ಮೈ ಮನುಷ್ಯನದು, ತಲೆಗಳೆರಡು ಮಾತ್ರ ಹಕ್ಕಿಯವು. ಬಳ್ಳಿಗಾವಿಯ ಶಾಸನದಲ್ಲಿ ಭೂಮಿಯನ್ನು ಭೇರುಂಡ ಗಳೆಯಿಂದ ಅಳೆದುಕೊಟ್ಟ ಉಲ್ಲೇಖವೂ ಬರುತ್ತದೆ. ಆಳುವವನ ಚಿಹ್ನೆ ಗದ್ದೆಯ ಬದುವಿನವರೆಗೂ ಇಳಿದು ಅಳತೆಗೋಲಾಯಿತೆಂಬ ಈ ಸಂಗತಿ, ನನ್ನ ಮಟ್ಟಿಗೆ, ಕಂಬದ ಎತ್ತರಕ್ಕಿಂತಲೂ ದೊಡ್ಡದು.

ಈ ಹಕ್ಕಿಯ ಅರ್ಥವೇನು? ಎರಡು ತಲೆಗಳು ಎರಡು ದಿಕ್ಕನ್ನು ಕಾಯುತ್ತವೆ ಎಂಬ ವಿವರಣೆ ಕೇಳಲು ಇಂಪಾಗಿದೆ. ಆದರೆ ಶಿಲ್ಪಿಗಳು ಹೇಳಹೊರಟದ್ದು ದಿಕ್ಕಿನ ಮಾತಲ್ಲ, ಹಿಡಿತದ ಮಾತು ಎಂದು ನನಗನ್ನಿಸುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಒಂದು ಶಿಲ್ಪವನ್ನು ನೋಡಿ: ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭವೆಂಬ ಪುರಾಣದ ಮೃಗ, ಆ ಶರಭವನ್ನು ಗಂಡಭೇರುಂಡ. ಅದರಾಚೆಗೆ ಹಿಡಿಯುವವರು ಯಾರೂ ಇಲ್ಲ. ಹೆಸರಿನಲ್ಲಿರುವ ‘ಗಂಡ’ ಎಂಬ ಮಾತಿಗೂ ಇದೇ ಧ್ವನಿಯಿದೆ. ವಿಜಯನಗರದ ಅರಸರು ‘ಮೂರು ರಾಯರ ಗಂಡ’ ಎಂದೂ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂದೂ ಕರೆಸಿಕೊಂಡರಲ್ಲ, ಅಲ್ಲಿ ಗಂಡನೆಂದರೆ ಎದುರಾಳಿಯನ್ನು ಅಡಗಿಸಬಲ್ಲ ವೀರ. ಅದೇ ವಿಜಯನಗರದ ಅಚ್ಯುತರಾಯನ ಹೊನ್ನಿನ ನಾಣ್ಯದ ಮೇಲೆ ಈ ಹಕ್ಕಿಯ ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳು ತೂಗಾಡುತ್ತವೆ. ಉಗುರಿನ ಮೇಲೆ ಇಡಬಹುದಾದ ನಾಣ್ಯದಲ್ಲಿ ನಾಲ್ಕು ಆನೆಗಳು!

ವಿಜಯನಗರದ ಸಾಮಂತರಾಗಿದ್ದ ಕೆಳದಿಯ ನಾಯಕರು ಸಾಗರ ಸೀಮೆಗೂ ಈ ಹಕ್ಕಿಯನ್ನು ತಂದರು. ಕೆಳದಿಯ ವೀರಭದ್ರ ದೇವಾಲಯದ ಒಳಮಾಳಿಗೆಯಲ್ಲಿ ರೆಕ್ಕೆ ಬಿಚ್ಚಿದ ಗಂಡಭೇರುಂಡವೊಂದು ಆನೆ, ಸಿಂಹಗಳನ್ನು ಹಿಡಿದಿದೆ. ಬಳ್ಳಿಗಾವಿಯಲ್ಲಿ ಮನುಷ್ಯನ ಮೈ ಹೊತ್ತಿದ್ದದ್ದು ಇಲ್ಲಿ ಪೂರ್ತಿ ಹಕ್ಕಿಯಾಗಿದೆ. ಒಡೆಯನ ಚಿಹ್ನೆಯನ್ನು ಸಾಮಂತನು ತನ್ನ ಕುಲದೈವದ ಗುಡಿಯಲ್ಲಿ ಕೆತ್ತಿಸುವಾಗ ಅದರಲ್ಲಿ ನಿಷ್ಠೆಯೂ ಇರುತ್ತದೆ, ನಾನೂ ಅದೇ ಸಾಲಿನವನು ಎಂಬ ಹಕ್ಕಿನ ಮಾತೂ ಇರುತ್ತದೆ.

ಮೈಸೂರಿನ ಒಡೆಯರೂ ಇದನ್ನೇ ತಮ್ಮ ಲಾಂಛನವಾಗಿಸಿಕೊಂಡು, ಕೆಳಗೆ ‘ಸತ್ಯಮೇವೋದ್ಧರಾಮ್ಯಹಂ’, ಅಂದರೆ ಸತ್ಯವನ್ನೇ ನಾನು ಎತ್ತಿಹಿಡಿಯುತ್ತೇನೆ, ಎಂದು ಬರೆಸಿದರು. 1877ರ ದೆಹಲಿ ದರ್ಬಾರಿನ ಹೊತ್ತಿಗೆ ದೇಶೀ ಸಂಸ್ಥಾನಗಳಿಗೆ ಯುರೋಪಿನ ಮಾದರಿಯ ಲಾಂಛನಗಳು ರೂಢಿಗೆ ಬಂದಿದ್ದವು. ಗುರಾಣಿ, ಅದನ್ನು ಇಕ್ಕೆಲದಲ್ಲಿ ಹಿಡಿದು ನಿಲ್ಲುವ ಪ್ರಾಣಿಗಳು, ಅಡಿಯಲ್ಲೊಂದು ಧ್ಯೇಯವಾಕ್ಯ, ಇದು ಆ ಮಾದರಿ. ನಮ್ಮ ರಾಜ್ಯದ ಇಂದಿನ ಲಾಂಛನದ ಚೌಕಟ್ಟೂ ಅದೇ: ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡ, ಎರಡು ಪಕ್ಕಕ್ಕೆ ಆನೆಯ ತಲೆ, ಸಿಂಹದ ಮೈಯ ಗಜಕೇಸರಿಗಳು, ಮೇಲೆ ಅಶೋಕನ ಸಿಂಹಗಳು.

ಸರ್ಕಾರಿ ಆದೇಶವೊಂದು ಕೈಗೆ ಬಂದಾಗ ಅದರ ನೆತ್ತಿಯ ಮೇಲಿನ ಆ ಹಕ್ಕಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಕೆಳದಿಯಲ್ಲಿ ಅದು ಹಿಡಿದಿದ್ದ ಆನೆಯಾಗಲಿ ಸಿಂಹವಾಗಲಿ ಈಗ ಅದರ ಬಳಿಯಿಲ್ಲ; ಕೊಕ್ಕುಗಳೆರಡೂ ಬರಿದಾಗಿವೆ.

ನಮಸ್ಕಾರ.