ಆರಿದ್ರಾ ನಕ್ಷತ್ರ ಎಲ್ಲಿದೆ, ತೋರಿಸಿ ನೋಡೋಣ

ನಮಸ್ಕಾರ. ಮಡಿಕೇರಿಯಲ್ಲಿ ಬೆಳಗ್ಗೆಯಿಂದ ಮಳೆ, ಹೆಂಚಿನ ಸದ್ದು ಮೈಕಿಗೂ ಕೇಳುತ್ತಿರಬಹುದು, ಸ್ವಲ್ಪ ಸಹಿಸಿಕೊಳ್ಳಿ. ಇವತ್ತು ತಾರಾಲಯದ, ಅಂದರೆ ಗುಮ್ಮಟದ ಒಳಗೆ ಆಕಾಶ ಮೂಡಿಸಿ ತೋರಿಸುವ ಜಾಗದ ವಿಷಯ.

ಜೂನ್ ಕೊನೆಗೆ ಇಲ್ಲಿ ಯಾರನ್ನೇ ಕೇಳಿ, ಆರಿದ್ರಾ ಮಳೆ ಹಿಡಿಯಿತು ಅನ್ನುತ್ತಾರೆ. ಸರಿ, ಆ ಆರಿದ್ರಾ ಎಲ್ಲಿದೆ? ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳಿದ್ದೆ. ಮೋಡದ ಹಿಂದೆ ಇದೆ, ಹೋಗಿ ಮಲಗು ಅಂದಿದ್ದರು. ಮೋಡ ಸರಿದರೂ ಕಾಣುವುದಿಲ್ಲ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಆ ದಿನಗಳಲ್ಲಿ ಸೂರ್ಯ ಆ ನಕ್ಷತ್ರದ ಹತ್ತಿರ ಬಂದಿರುತ್ತಾನೆ, ಅದಕ್ಕೇ ಮಳೆಗೆ ಆ ಹೆಸರು. ಅವನ ಜೊತೆಗೇ ಅದೂ ಹುಟ್ಟಿ ಮುಳುಗುತ್ತದೆ, ಇಡೀ ಹಗಲು ಬೆಳಕಿನಲ್ಲಿ ಅಡಗಿರುತ್ತದೆ.

ಬೋರ್ಡಿನ ಮೇಲೆ ಎಷ್ಟು ಗೀಚಿದರೂ ಇದು ಮಕ್ಕಳ ತಲೆಗೆ ಹೋಗಲ್ಲ. ತಾರಾಲಯದಲ್ಲಿ ಅರ್ಧ ನಿಮಿಷದ ಕೆಲಸ. ಸೂರ್ಯ ಅಲ್ಲೇ ಇರಲಿ, ಆಕಾಶದ ನೀಲಿ ಮಾತ್ರ ತೆಗೆಯಿರಿ. ಮಟಮಟ ಮಧ್ಯಾಹ್ನ ನಕ್ಷತ್ರ ಎದ್ದು ಬರುತ್ತವೆ!

ಆದರೆ ಹಾಗೆ ಎಲ್ಲಿ ತೋರಿಸುತ್ತಾರೆ? ಒಮ್ಮೆ ಮಕ್ಕಳನ್ನು ಕರೆದುಕೊಂಡು ಒಂದು ತಾರಾಲಯಕ್ಕೆ ಹೋಗಿದ್ದೆ, ಹೆಸರು ಬೇಡ. ಘಾಟಿ ಇಳಿಯುವಾಗಲೇ ಇಬ್ಬರಿಗೆ ವಾಂತಿ. ಅಷ್ಟು ಕಷ್ಟಪಟ್ಟು ಹೋದರೆ ಒಳಗೆ ಬರೀ ಸಿನಿಮಾ, ಕಪ್ಪುಕುಳಿ, ಸ್ಫೋಟ, ಢಂ ಢಂ, ಇವತ್ತು ರಾತ್ರಿ ನಿಮ್ಮೂರಲ್ಲಿ ಏನು ಕಾಣುತ್ತೆ ಅಂತ ಒಂದೇ ಒಂದು ಮಾತಿಲ್ಲ. 1923ರಲ್ಲಿ ಜರ್ಮನಿಯ ಮ್ಯೂನಿಕ್‌ಗೆಂದು ಜೈಸ್ ಕಂಪನಿ ಮಾಡಿಕೊಟ್ಟ ಮೊದಲ ತಾರಾಲಯ ಯಂತ್ರ ತೋರಿಸುತ್ತಿದ್ದುದು ಆ ಊರಿನಿಂದ ಕಾಣುವ ಆಕಾಶವನ್ನಷ್ಟೇ. ನನಗೆ ಬೇಕಾಗಿರುವುದೂ ಅದೇ. ಧ್ರುವ ನಕ್ಷತ್ರ ನಮಗೆ ಬರೀ 12 ಡಿಗ್ರಿ ಎತ್ತರದಲ್ಲಿದೆ, ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗಿಂತ ಚೂರು ಜಾಸ್ತಿ, ಉತ್ತರಕ್ಕೆ ಬೆಟ್ಟವಿದ್ದರೆ ಮುಗಿಯಿತು. ಇದನ್ನು ಕೊಡಗಿನ ಮಕ್ಕಳಿಗೆ ಹೇಳಬೇಕಲ್ವಾ?

ತಾರಾಲಯ ದೂರ ಅನ್ನುವ ಮೇಷ್ಟ್ರುಗಳಿಗೆ ಸ್ಟೆಲೇರಿಯಂ ಅನ್ನುವ, ಆಕಾಶ ತೋರಿಸುವ ಕಂಪ್ಯೂಟರ್ ತಂತ್ರಾಂಶ ಇದೆ, ದುಡ್ಡಿಲ್ಲದೆ ಸಿಗುತ್ತದೆ. ಲ್ಯಾಪ್‌ಟಾಪಿನಲ್ಲಿ ಊರು ಮಡಿಕೇರಿ ಅಂತ ಕೊಟ್ಟು 'ಎ' ಕೀ ಒತ್ತಿದರೆ ನೀಲಿ ಮಾಯ. ಕತ್ತು ಎತ್ತಿ ಗುಮ್ಮಟ ನೋಡುವ ಮಜಾ, ಅದನ್ನೇ ಕ್ಲಾಸಿನ ಗೋಡೆಯ ಮೇಲೆ ಬಿಟ್ಟು ನೋಡಿದರೆ ಸಿಗಲ್ಲ, ಒಪ್ಪಿದೆ.

ಈ ಜನವರಿಯಲ್ಲಿ, ಕಣದ ಕಾಫಿಗೆ ಟಾರ್ಪಾಲು ಹೊದಿಸಿ ಮುಗಿಸುವಾಗ ಹತ್ತೂವರೆ. ಅಕ್ಕನ ಮಗಳಿಗೆ ನೆತ್ತಿಯ ಹತ್ತಿರದ ಕೆಂಪು ಚುಕ್ಕಿ ತೋರಿಸಿ ಇದೇ ಆರಿದ್ರಾ ಅಂದೆ. "ಮಳೆ ನಕ್ಷತ್ರಕ್ಕೆ ಈ ಚಳಿಯಲ್ಲಿ ಏನು ಕೆಲಸ ಮಾವ?" ಅಂದಳು. ಮಾರನೇ ದಿನ ಲ್ಯಾಪ್‌ಟಾಪ್ ತೆಗೆದು ಜೂನ್ ತಿಂಗಳಿಗೆ ಓಡಿಸಿದೆ, 'ಎ' ಅವಳೇ ಒತ್ತಿದಳು.