ಸರಾಸರಿ ಲೆಕ್ಕ: ಕೂಡಿಸುವ ಮೊದಲು ಹಳ್ಳ ದಿಣ್ಣೆ ನೋಡಿ

[ಪರದೆ: 487, 493, 502, 496, 507. ಹತ್ತು ಸೆಕೆಂಡಿನ ಟೈಮರ್]

ನಮಸ್ಕಾರ. ಪರದೆ ಮೇಲೆ ಐದು ಸಂಖ್ಯೆಗಳಿವೆ. ಇವುಗಳ ಸರಾಸರಿ ಎಷ್ಟು?

ಉತ್ತರ 497. ಐದನ್ನೂ ಕೂಡಿಸಿ 2485 ತಂದು, ಐದರಿಂದ ಭಾಗಿಸಿದವರಿಗೂ ಅದೇ ಬರುತ್ತದೆ. ತಪ್ಪೇನಿಲ್ಲ. ಆದರೆ ಪರೀಕ್ಷೆಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. "ಸೂತ್ರ ಗೊತ್ತು, ಉತ್ತರವೂ ಬರುತ್ತೆ, ಆದರೆ ಟೈಮ್ ಸಾಲಲ್ಲ" ಅಂತ ನಿಮ್ಮಲ್ಲಿ ತುಂಬಾ ಜನ ಹೇಳುತ್ತೀರಿ. ಈ ವಿಡಿಯೋ ಅದಕ್ಕೇ.

ಮೊತ್ತವನ್ನು ಎಣಿಕೆಯಿಂದ ಭಾಗಿಸಿದರೆ ಸರಾಸರಿ. ಇದು ಶಾಲೆಯಲ್ಲೇ ಆಗಿದೆ, ಮುಂದೆ ಹೋಗೋಣ.

ಈಗ ಸರಾಸರಿಯನ್ನು ಬೇರೆ ಥರ ನೋಡಿ. ಹಳ್ಳ ದಿಣ್ಣೆ ಇರುವ ನೆಲವನ್ನು ಸಮ ಮಾಡಬೇಕು. ಹೊರಗಿನಿಂದ ಒಂದು ಬುಟ್ಟಿ ಮಣ್ಣೂ ತರುವಂತಿಲ್ಲ, ಹೊರಗೆ ಹಾಕುವಂತೆಯೂ ಇಲ್ಲ. ದಿಣ್ಣೆಯ ಮಣ್ಣನ್ನೇ ಹಳ್ಳಕ್ಕೆ ಎಳೆಯಬೇಕು. ಹಾಗೆ ಸಮ ಆದ ಮಟ್ಟವೇ ಸರಾಸರಿ. ಅದಕ್ಕಿಂತ ಮೇಲಿದ್ದದ್ದೆಲ್ಲ ಸೇರಿ ಎಷ್ಟಾಗುತ್ತದೋ, ಕೆಳಗಿದ್ದದ್ದೆಲ್ಲ ಸೇರಿಯೂ ಅಷ್ಟೇ ಆಗುತ್ತದೆ.

ಹಾಗಾಗಿ ದೊಡ್ಡ ಸಂಖ್ಯೆಗಳನ್ನು ಸುಮ್ನೆ ಕೂಡಿಸುತ್ತಾ ಕೂರಬೇಡಿ. ಮನಸ್ಸಿಗೆ ಸುಲಭವಾದ ಒಂದು ಮಟ್ಟ ಹಿಡಿಯಿರಿ. ಇಲ್ಲಿ 500 ಇರಲಿ. 487 ಅಂದರೆ ಮೈನಸ್ 13. 493 ಮೈನಸ್ 7. 502 ಪ್ಲಸ್ 2. 496 ಮೈನಸ್ 4. 507 ಪ್ಲಸ್ 7. ಪ್ಲಸ್ 7 ಮತ್ತು ಮೈನಸ್ 7 ಹೊಡೆದುಹೋದವು. ಉಳಿದದ್ದು ಮೈನಸ್ 15. ಐದು ಸಂಖ್ಯೆಗಳಿಗೆ ಹಂಚಿದರೆ ತಲಾ ಮೈನಸ್ 3. 500ರಿಂದ 3 ಕಳೆದರೆ 497.

500 ಬದಲು 490 ಹಿಡಿದರೂ ಇದೇ ಉತ್ತರ. ಬೇಕಾದರೆ ವಿಡಿಯೋ ನಿಲ್ಲಿಸಿ ಮಾಡಿ ನೋಡಿ.

[ಪರದೆ: 99.94]

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ಕ್ರಿಕೆಟ್ ನೋಡುವವರಿಗೆ ಈ ಸಂಖ್ಯೆ ಗೊತ್ತು. ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಡಾನ್ ಬ್ರ್ಯಾಡ್‌ಮನ್ ಅವರ ಟೆಸ್ಟ್ ಸರಾಸರಿ, ಅಂದರೆ ಒಟ್ಟು ರನ್ನನ್ನು ಎಷ್ಟು ಸಲ ಔಟಾದರೋ ಅಷ್ಟರಿಂದ ಭಾಗಿಸಿದ್ದು. ನೂರಕ್ಕೆ ಕೂದಲೆಳೆಯಷ್ಟು ಕಡಿಮೆ.

1948ರ ಆಗಸ್ಟ್ 14, ಲಂಡನ್ನಿನ ಓವಲ್ ಮೈದಾನ. ಬ್ರ್ಯಾಡ್‌ಮನ್ ತಮ್ಮ ಕೊನೆಯ ಟೆಸ್ಟ್‌ನಲ್ಲಿ ಬ್ಯಾಟ್ ಹಿಡಿದು ಬರುತ್ತಾರೆ. ಆ ಹೊತ್ತಿಗೆ ಅವರ ಖಾತೆಯಲ್ಲಿ 6996 ರನ್ ಇದೆ, 69 ಸಲ ಔಟಾಗಿದ್ದಾರೆ. ಈ ಇನಿಂಗ್ಸ್‌ನಲ್ಲಿ ಔಟಾದರೂ ಸರಾಸರಿ 100 ಉಳಿಯಬೇಕು ಅಂದರೆ ಎಷ್ಟು ಹೊಡೆಯಬೇಕು?

ಕೂಡಿಸಬೇಡಿ, ಭಾಗಿಸಬೇಡಿ. 100ರ ಮಟ್ಟ ಹಿಡಿಯಿರಿ. 69 ಸಲ ಔಟ್ ಅಂದರೆ 6900 ಸಾಕಿತ್ತು. ಇರುವುದು 6996. ಅಂದರೆ ಕೈಯಲ್ಲಿ 96 ರನ್ ಜಾಸ್ತಿ ಇದೆ. ಹೊಸ ಇನಿಂಗ್ಸ್ 100 ಕೇಳುತ್ತದೆ, 96 ಆಗಲೇ ಇದೆ. ಬೇಕಾದದ್ದು ಬರೀ 4. ಒಂದೇ ಒಂದು ಬೌಂಡರಿ!

ಇಂಗ್ಲೆಂಡಿನ ಬೌಲರ್ ಎರಿಕ್ ಹೋಲೀಸ್ ಹಾಕಿದ ಎರಡನೇ ಎಸೆತಕ್ಕೇ ಅವರು ಬೌಲ್ಡ್ ಆದರು, ಸೊನ್ನೆಗೆ. ಆಸ್ಟ್ರೇಲಿಯಾ ಆ ಪಂದ್ಯವನ್ನು ಇನಿಂಗ್ಸ್ ಮತ್ತು 149 ರನ್‌ಗಳಿಂದ ಗೆದ್ದುಬಿಟ್ಟಿತು. ಹಾಗಾಗಿ ಎರಡನೇ ಸಲ ಆಡುವ ಅವಕಾಶವೇ ಬರಲಿಲ್ಲ.

ಈಗ ಲೆಕ್ಕ ಮುಗಿಸೋಣ. ಪ್ಲಸ್ 96 ಇತ್ತು, ಸೊನ್ನೆ ಹೊಡೆದದ್ದರಿಂದ ಮೈನಸ್ 100 ಬಂತು. ಒಟ್ಟು ಮೈನಸ್ 4. ಅದನ್ನು 70 ಸಲಕ್ಕೆ ಹಂಚಿದರೆ ತಲಾ 0.06ರ ಹತ್ತಿರ. ನೂರರಿಂದ ಕಳೆಯಿರಿ, 99.94 ಬಂತು. 6996ನ್ನು 70ರಿಂದ ಭಾಗಿಸುವ ಗೋಜೇ ಇಲ್ಲ. ಎಷ್ಟು ಚೆಂದ ಅಲ್ವಾ?

ಇನ್ನೊಂದು ಸೂಕ್ಷ್ಮ ಇದೆ. ಬ್ರ್ಯಾಡ್‌ಮನ್ ಆಡಿದ್ದು 80 ಇನಿಂಗ್ಸ್. ಭಾಗಿಸಿದ್ದು ಮಾತ್ರ 70ರಿಂದ, ಏಕೆಂದರೆ 10 ಸಲ ಅವರು ನಾಟೌಟ್. ಆ ಕೊನೆಯ ಇನಿಂಗ್ಸ್‌ನಲ್ಲಿ ಒಂದೂ ರನ್ ಹೊಡೆಯದೆ ನಾಟೌಟ್ ಉಳಿದಿದ್ದರೂ ಸರಾಸರಿ 101.39ರಲ್ಲೇ ಇರುತ್ತಿತ್ತು. ಪರೀಕ್ಷೆಯಲ್ಲೂ ಬಹಳ ಜನ ಎಡವುವುದು ಇಲ್ಲೇ. ಮೊತ್ತ ಸರಿ ಇರುತ್ತದೆ, ಎಷ್ಟರಿಂದ ಭಾಗಿಸಬೇಕು ಅನ್ನುವುದು ತಪ್ಪಿಹೋಗುತ್ತದೆ.

ಇದೇ ಕಣ್ಣಿನಿಂದ ಈಗ ಮಾಮೂಲಿ ಪ್ರಶ್ನೆ ನೋಡಿ. 30 ವಿದ್ಯಾರ್ಥಿಗಳ ಸರಾಸರಿ ವಯಸ್ಸು 14. ಒಬ್ಬ ಶಿಕ್ಷಕರನ್ನೂ ಸೇರಿಸಿದರೆ ಸರಾಸರಿ 15. ಶಿಕ್ಷಕರ ವಯಸ್ಸೆಷ್ಟು? ಶಿಕ್ಷಕರು ಮೊದಲು ತಮಗೆ 15 ಇಟ್ಟುಕೊಳ್ಳಬೇಕು. ಆಮೇಲೆ ಮೂವತ್ತು ಮಕ್ಕಳಿಗೂ ಒಂದೊಂದು ಕೊಡಬೇಕು. 15 ಮತ್ತು 30, ಒಟ್ಟು 45. ಮುಗಿಯಿತು.

ಒಂದು ಮಾತು ಹೇಳಲೇಬೇಕು. ಸರಾಸರಿಗೆ ಶಿಕ್ಷಕರ ಸೂತ್ರ, ತೂಕದ ಸೂತ್ರ, ರನ್ನಿನ ಸೂತ್ರ ಅಂತ ಬೇರೆ ಬೇರೆ ಶಾರ್ಟ್‌ಕಟ್ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಎಲ್ಲದರ ಒಳಗೂ ಇರುವುದು ಒಂದೇ ಯೋಚನೆ. ಪ್ರಶ್ನೆಯನ್ನು ಸ್ವಲ್ಪ ತಿರುಚಿ ಕೇಳಿದರೆ ಬಾಯಿಪಾಠ ಮಾಡಿದವರು ಅಲ್ಲೇ ನಿಂತುಬಿಡುತ್ತಾರೆ. ಮಕ್ಕಳು ರಾತ್ರಿಯೆಲ್ಲ ಕೂತು ಆ ಪಟ್ಟಿ ಉರುಹೊಡೆಯುವುದು ನೋಡಿದರೆ ಸಂಕಟ ಆಗುತ್ತದೆ.

ಸಮಯ ಓಡುತ್ತಿದೆ. ಉಳಿದದ್ದು ಬೇಗ ಬೇಗ.

[ಪರದೆ: ಪ್ರಶ್ನೆಗಳು ಒಂದೊಂದಾಗಿ]

12 ಜನರ ಗುಂಪಿನಿಂದ 52 ಕಿಲೋ ತೂಕದವರು ಹೋಗಿ ಬೇರೊಬ್ಬರು ಬಂದರು, ಸರಾಸರಿ ಒಂದೂವರೆ ಕಿಲೋ ಏರಿತು. ಹನ್ನೆರಡು ಜನಕ್ಕೆ ಒಂದೂವರೆ ಅಂದರೆ 18. ಬಂದವರ ತೂಕ 70. 20 ಸಂಖ್ಯೆಗಳ ಸರಾಸರಿ 45 ಬಂದಿತ್ತು, ಆಮೇಲೆ ನೋಡಿದರೆ 86ನ್ನು 68 ಅಂತ ಓದಿದ್ದರು. ವ್ಯತ್ಯಾಸ 18, ಇಪ್ಪತ್ತಕ್ಕೆ ಹಂಚಿದರೆ 0.9, ಸರಿಯಾದ ಸರಾಸರಿ 45.9. ಒಂದೇ ಅಂತರದಲ್ಲಿ ಏರುವ ಸಂಖ್ಯೆಗಳಾದರೆ ಮೊದಲನೆಯದು, ಕೊನೆಯದು ಎರಡೇ ಸಾಕು. 17, 24, 31 ಹೀಗೆ 73ರವರೆಗೆ ಇದ್ದರೆ, 17 ಮತ್ತು 73 ಸೇರಿ 90, ಅದರ ಅರ್ಧ 45.

40 ಮಕ್ಕಳ ಸರಾಸರಿ ಅಂಕ 60, ಇನ್ನು 60 ಮಕ್ಕಳದ್ದು 70. ನೂರೂ ಮಕ್ಕಳ ಸರಾಸರಿ ಎಷ್ಟು? ಆಯ್ಕೆಗಳಲ್ಲಿ 65 ಇದ್ದೇ ಇರುತ್ತದೆ. ಅದನ್ನು ಮುಟ್ಟಬೇಡಿ. 70ರ ಕಡೆ ಜನ ಜಾಸ್ತಿ, ಹಾಗಾಗಿ ಉತ್ತರವೂ 65 ದಾಟಿರಬೇಕು. 60ರ ಮಟ್ಟ ಹಿಡಿದರೆ, ಅರವತ್ತು ಜನರ ಬಳಿ ಹತ್ತು ಹತ್ತು ಜಾಸ್ತಿ, ಒಟ್ಟು 600. ನೂರು ಜನಕ್ಕೆ ಹಂಚಿದರೆ 6. ಉತ್ತರ 66.

ಕೊನೆಯದಾಗಿ ವೇಗ. ಹೋಗುವಾಗ ಗಂಟೆಗೆ 40 ಕಿಲೋಮೀಟರ್, ಅದೇ ದಾರಿಯಲ್ಲಿ ಬರುವಾಗ 60. ಸರಾಸರಿ 50 ಅಲ್ಲ, 48. ದಾರಿ 120 ಕಿಲೋಮೀಟರ್ ಇದೆ ಅನ್ನಿ. ಹೋಗಲು ಮೂರು ಗಂಟೆ, ಬರಲು ಎರಡು. ಐದು ಗಂಟೆಯಲ್ಲಿ 240. ನಿಧಾನದ ವೇಗದಲ್ಲಿ ಹೆಚ್ಚು ಹೊತ್ತು ಕಳೆದದ್ದರಿಂದ ಉತ್ತರ ಆ ಕಡೆ ಜಗ್ಗಿತು.

ಆದರೆ ಪ್ರಶ್ನೆಯಲ್ಲಿ "ಅರ್ಧ ದಾರಿ" ಬದಲು "ಅರ್ಧ ಸಮಯ" 40ರಲ್ಲಿ, ಅರ್ಧ ಸಮಯ 60ರಲ್ಲಿ ಅಂತ ಇದ್ದರೆ, ಆಗ 50 ಅನ್ನುವುದೇ ಸರಿ. ಆಯ್ಕೆಗಳಲ್ಲಿ 48, 50 ಎರಡೂ ಇರುತ್ತವೆ. ದಾರಿ ಅಂತಿದೆಯೋ, ಸಮಯ ಅಂತಿದೆಯೋ ಎರಡು ಸಲ ಓದಿ, ಆಮೇಲೆ ಗುರುತು ಹಾಕಿ.