ಬ್ರೌನ್‌ಹೆಲ್ಮ್‌ನ ಗುಮಾಸ್ತ

ಕೇಳುಗರಿಗೆ ನಮಸ್ಕಾರ.

1855ರ ಏಪ್ರಿಲ್ ತಿಂಗಳು. ಅಮೆರಿಕದ ಒಹಾಯೋ ರಾಜ್ಯ, ಈರಿ ಸರೋವರದ ದಡದಲ್ಲಿ ಬ್ರೌನ್‌ಹೆಲ್ಮ್ ಎಂಬ ಊರು. ಅಲ್ಲಿನ ಇಪ್ಪತ್ತೈದು ವರ್ಷದ ರೈತರೊಬ್ಬರು ಪತ್ರಿಕಾ ಸಂಪಾದಕ ಫ್ರೆಡರಿಕ್ ಡಗ್ಲಸ್ ಅವರಿಗೆ ಒಂದು ಕಾಗದ ಬರೆದರು. ನಮ್ಮ ಚುನಾವಣೆಗೆ ಈ ಸಲ ಕಪ್ಪು ಜನಾಂಗದವನೊಬ್ಬನನ್ನು ನಿಲ್ಲಿಸಿದರು, ಒಳ್ಳೆಯ ಬಹುಮತದಿಂದಲೇ ಅವನು ಗುಮಾಸ್ತನಾಗಿ ಆರಿಸಿ ಬಂದ, ಈ ಊರಿನಲ್ಲಿ ಕಪ್ಪು ಮನುಷ್ಯನೆಂದರೆ ನಾನೊಬ್ಬನೇ ಆದ್ದರಿಂದ ಗೆದ್ದವನು ಯಾರೆಂದು ನೀವೇ ಊಹಿಸಿಕೊಳ್ಳಬಹುದು – ಕಾಗದದ ಸಾರಾಂಶ ಇಷ್ಟು. ಬರೆದವರ ಹೆಸರು ಜಾನ್ ಮರ್ಸರ್ ಲ್ಯಾಂಗ್‌ಸ್ಟನ್.

ಆ ಕಾಗದದಲ್ಲಿ ಹೊಮ್ಮುವ ಹುರುಪು ನನಗೆ ಬಹಳ ಇಷ್ಟ. ಮುಂದೆ ಅವರು ಏರಿದ ಪದವಿಗಳೆಲ್ಲ ಇದಕ್ಕಿಂತ ದೊಡ್ಡವು. ಆದರೂ ಇವತ್ತು ನಾನು ಹೇಳಬೇಕೆಂದುಕೊಂಡಿರುವುದು ಈ ಊರ ಗುಮಾಸ್ತಿಕೆಯ ಕಥೆಯನ್ನೇ.

ಲ್ಯಾಂಗ್‌ಸ್ಟನ್ ಹುಟ್ಟಿದ್ದು 1829ರಲ್ಲಿ, ವರ್ಜೀನಿಯದ ಲೂಯಿಸಾ ಕೌಂಟಿಯಲ್ಲಿ. ತಂದೆ ರಾಲ್ಫ್ ಕ್ವಾರ್ಲ್ಸ್ ಗುಲಾಮರನ್ನಿಟ್ಟುಕೊಂಡಿದ್ದ ಬಿಳಿಯ ಜಮೀನುದಾರ. ತಾಯಿ ಲೂಸಿ ಆತನ ಗುಲಾಮಳಾಗಿದ್ದು, ಆತನಿಂದಲೇ ಬಿಡುಗಡೆ ಪಡೆದವಳು. ಕಾನೂನು ಅವರಿಬ್ಬರ ಮದುವೆಯನ್ನು ಒಪ್ಪುವಂತಿರಲಿಲ್ಲ. 1834ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ತಂದೆ ಉಯಿಲಿನಲ್ಲಿ ಆಸ್ತಿಯನ್ನು ಮಕ್ಕಳಿಗೆ ಬಿಟ್ಟಿದ್ದ. ಇನ್ನೂ ಐದು ತುಂಬದ ಜಾನ್ ಅಣ್ಣಂದಿರೊಡನೆ ಒಹಾಯೋಗೆ ಬಂದು, ತಂದೆಯ ಸ್ನೇಹಿತ ವಿಲಿಯಂ ಗೂಚ್ ಅವರ ಮನೆ ಸೇರಿದ. ಅವರು ಮಗನಂತೆಯೇ ಸಾಕಿದರು. ಆದರೆ ಐದು ವರ್ಷದ ಮೇಲೆ ಗೂಚ್ ಕುಟುಂಬ ಮಿಸೌರಿಗೆ ಹೊರಟಿತು. ಅಲ್ಲಿ ಗುಲಾಮಗಿರಿ ಕಾನೂನುಬದ್ಧ. ಹುಡುಗನನ್ನು ಅಲ್ಲಿಗೆ ಕರೆದೊಯ್ದರೆ ಅವನ ಸ್ವಾತಂತ್ರ್ಯಕ್ಕೂ ಆಸ್ತಿಗೂ ಅಪಾಯವೆಂದು ಅಣ್ಣ ನ್ಯಾಯಾಲಯದ ಮೊರೆಹೊಕ್ಕ. ನ್ಯಾಯಾಲಯ ತಡೆಯಿತು. ಒಂಬತ್ತರ ಆ ಮಗುವಿನ ಪಾಲಿಗೆ ಅದು ರಕ್ಷಣೆಯೂ ಹೌದು, ಎರಡನೆಯ ಸಲ ತಬ್ಬಲಿಯಾದ ಗಳಿಗೆಯೂ ಹೌದು.

ಒಬರ್ಲಿನ್ ಕಾಲೇಜಿನಲ್ಲಿ ಓದಿ 1849ರಲ್ಲಿ ಪದವಿ ಪಡೆದರು. ಕಾನೂನು ಕಲಿಯುವ ಆಸೆಯಿಂದ ಎರಡು ಕಾನೂನು ಶಾಲೆಗಳ ಬಾಗಿಲು ತಟ್ಟಿದರು. ಬಣ್ಣದ ಕಾರಣಕ್ಕೆ ಎರಡೂ ತೆರೆಯಲಿಲ್ಲ. ಕೊನೆಗೆ ಎಲಿರಿಯಾ ಪಟ್ಟಣದ ವಕೀಲ ಫಿಲೆಮನ್ ಬ್ಲಿಸ್ ಅವರ ಕಚೇರಿಯಲ್ಲಿ ಕುಳಿತು ಕಲಿತರು. 1854ರಲ್ಲಿ ಪರೀಕ್ಷೆಯಲ್ಲೇನೋ ತೇರ್ಗಡೆಯಾದರು. ಆಗ ಎದ್ದ ಪ್ರಶ್ನೆ ಅವರ ವಿದ್ಯೆಯದ್ದಲ್ಲ, ರಕ್ತದ್ದು. ಒಹಾಯೋ ಸಂವಿಧಾನದ ಪ್ರಕಾರ ಮತದಾರನೆಂದರೆ 'ಬಿಳಿಯ ಪುರುಷ'. ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಳಿಯರ ರಕ್ತವಿದ್ದವನನ್ನು ಬಿಳಿಯನೆಂದೇ ಎಣಿಸಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1842ರಲ್ಲಿ ತೀರ್ಪು ಕೊಟ್ಟಿತ್ತು. ಆ ಲೆಕ್ಕ ಹಿಡಿದೇ ಲ್ಯಾಂಗ್‌ಸ್ಟನ್ ಅವರಿಗೆ ವಕೀಲಿ ಸನದು ಸಿಕ್ಕಿತು. ಮನುಷ್ಯನನ್ನು ತಕ್ಕಡಿಯಲ್ಲಿಟ್ಟು ಅವನ ತಂದೆ ಎಷ್ಟು, ತಾಯಿ ಎಷ್ಟು ಎಂದು ತೂಗಿದ ಆ ನ್ಯಾಯವನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದೇ ವರ್ಷ ಕ್ಯಾರಲೈನ್ ವಾಲ್ ಅವರನ್ನು ಮದುವೆಯಾಗಿ ಬ್ರೌನ್‌ಹೆಲ್ಮ್‌ನ ಹೊಲಮನೆಯಲ್ಲಿ ಸಂಸಾರ ಹೂಡಿದರು. ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್‌ನಿಂದ ವಲಸೆ ಬಂದವರು 1817ರಲ್ಲಿ ಕಾಡು ಕಡಿದು ಕಟ್ಟಿದ ಊರದು. ಸುತ್ತ ಇದ್ದವರೆಲ್ಲ ಬಿಳಿಯರು. ಹೊಲದ ಜೊತೆಗೆ ವಕೀಲಿಯೂ ನಡೆಯಿತು. ಬಿಳಿಯ ಕಕ್ಷಿದಾರರೇ ಈ ಕಪ್ಪು ವಕೀಲರ ಬಳಿ ಬಂದರು. ಇವರು ವಾದಿಸುವುದನ್ನು ಕಂಡ ನೆರೆಹೊರೆಯವರು ಮರುವರ್ಷ ವಸಂತದಲ್ಲಿ ಟೌನ್‌ಶಿಪ್ಪಿನ, ಅಂದರೆ ಊರ ಸ್ಥಳೀಯ ಆಡಳಿತದ, ಗುಮಾಸ್ತನ ಸ್ಥಾನಕ್ಕೆ ಇವರನ್ನೇ ನಿಲ್ಲಿಸಿದರು.

ಟೌನ್‌ಶಿಪ್ಪಿನ ಗುಮಾಸ್ತನ ಕೆಲಸವೇನು? ಹೆಚ್ಚುಕಡಿಮೆ ನಮ್ಮ ಹಳೆಯ ಶಾನುಭೋಗಿಕೆಯ ಹಾಗೆ ಕಡತದ ಕೆಲಸ. ಊರ ಹಿರಿಯರ ಸಭೆಯ ನಡಾವಳಿ ಬರೆಯಬೇಕು. ಯಾರ ದನದ ಕಿವಿಗೆ ಯಾವ ಕಚ್ಚು, ಯಾರ ಕುದುರೆಗೆ ಯಾವ ಮುದ್ರೆ ಎಂಬುದನ್ನು ದಾಖಲಿಸಿಕೊಳ್ಳಬೇಕು. ದಾರಿ ತಪ್ಪಿ ಬಂದ ಜಾನುವಾರಿನ ಲೆಕ್ಕವೂ ಅಲ್ಲೇ. ಊರ ಶಾಲೆಗಳ ಮಂಡಳಿಗೂ ಆತನೇ ಕಾರ್ಯದರ್ಶಿ. ಈಗ ಯೋಚಿಸಿ: ತಮ್ಮ ಹಸು ತಮ್ಮದೇ ಎಂದು ಸಾಬೀತುಪಡಿಸಲು ಆ ಬಿಳಿಯ ರೈತರು ನೋಡಬೇಕಾಗಿದ್ದುದು ಗುಲಾಮಳಾಗಿದ್ದ ತಾಯಿಯ ಮಗ ಬರೆದಿಟ್ಟ ಪುಸ್ತಕವನ್ನು. ಅದೇ ಹೊತ್ತಿನಲ್ಲಿ ವರ್ಜೀನಿಯದಲ್ಲಿ ಇವರಂಥವರ ಹೆಸರುಗಳೇ ದನಕರುಗಳ ಜೊತೆ ಆಸ್ತಿ ಪಟ್ಟಿಯಲ್ಲಿ ಇರುತ್ತಿದ್ದವು.

ಮತದಿಂದ ಆರಿಸಿ ಬಂದ ಮೊದಲ ಕಪ್ಪು ಅಧಿಕಾರಿ ಇವರೇ ಎಂದು ಹಲವೆಡೆ ಹೇಳುವುದುಂಟು. ಅದು ಸರಿಯಲ್ಲ. 1768ರಷ್ಟು ಹಿಂದೆಯೇ ನ್ಯೂ ಹ್ಯಾಂಪ್‌ಶೈರ್‌ನ ನ್ಯೂಮಾರ್ಕೆಟ್ ಊರಿನ ಜನ ವೆಂಟ್‌ವರ್ತ್ ಚೆಸ್‌ವೆಲ್ ಅವರನ್ನು ಕಾನ್‌ಸ್ಟೆಬಲ್ ಆಗಿ ಆರಿಸಿದ್ದರು. ಲ್ಯಾಂಗ್‌ಸ್ಟನ್ ಮೊದಲಿಗರಲ್ಲದಿದ್ದರೂ ಅವರ ಗೆಲುವಿನ ತೂಕ ಕಡಿಮೆಯಾಗುವುದಿಲ್ಲ. ಗುಲಾಮಗಿರಿಯ ಜಗಳ ದೇಶವನ್ನೇ ಸೀಳುತ್ತಿದ್ದ ದಶಕವದು. ಗೆದ್ದ ಮುಂದಿನ ತಿಂಗಳೇ ನ್ಯೂಯಾರ್ಕ್‌ನಲ್ಲಿ ಗುಲಾಮಗಿರಿ ವಿರೋಧಿ ಸಂಘದ ವಾರ್ಷಿಕ ಸಭೆಯಲ್ಲಿ ಮಾತನಾಡಲು ಅವರಿಗೆ ಕರೆ ಬಂತು.

1856ರಲ್ಲಿ ಬ್ರೌನ್‌ಹೆಲ್ಮ್ ಬಿಟ್ಟು ಒಬರ್ಲಿನ್‌ಗೆ ಹೋದರು. ಅಲ್ಲಿಯೂ ಗುಮಾಸ್ತರಾದರು, ಶಿಕ್ಷಣ ಮಂಡಳಿಯಲ್ಲಿ ಕುಳಿತರು. ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರ ಪಡೆಗಳಿಗೆ ಜನ ಸೇರಿಸಿದರು. ವಾಷಿಂಗ್ಟನ್‌ನ ಹವರ್ಡ್ ವಿಶ್ವವಿದ್ಯಾಲಯದ ಕಾನೂನು ವಿಭಾಗ ಕಟ್ಟಿದರು, ಹೈಟಿಯಲ್ಲಿ ರಾಯಭಾರಿಯ ಕೆಲಸ ಮಾಡಿದರು. 1888ರಲ್ಲಿ ವರ್ಜೀನಿಯದಿಂದಲೇ, ತಾಯಿ ಗುಲಾಮಳಾಗಿದ್ದ ಅದೇ ರಾಜ್ಯದಿಂದ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಸ್ಪರ್ಧಿಸಿದರು. ಎದುರಾಳಿ ಗೆದ್ದನೆಂದು ಘೋಷಿಸಿದಾಗ ಬಿಡದೆ ಹೋರಾಡಿ, 1890ರ ಸೆಪ್ಟೆಂಬರ್‌ನಲ್ಲಿ ತಮ್ಮ ಪೀಠದಲ್ಲಿ ಕುಳಿತರು. ಮರುವರ್ಷ ಮಾರ್ಚ್‌ನಲ್ಲಿ ಅವಧಿಯೇ ಮುಗಿಯಿತು. 1897ರಲ್ಲಿ ವಾಷಿಂಗ್ಟನ್‌ನಲ್ಲಿ ತೀರಿಕೊಂಡರು.

ಒಹಾಯೋ ಸಂವಿಧಾನದ ಆ 'ಬಿಳಿಯ' ಎಂಬ ಪದ ಏನಾಯಿತು? ಬಣ್ಣದ ಕಾರಣಕ್ಕೆ ಮತದ ಹಕ್ಕನ್ನು ನಿರಾಕರಿಸಬಾರದೆಂದ, ಅಮೆರಿಕದ ರಾಷ್ಟ್ರೀಯ ಸಂವಿಧಾನದ 1870ರ ಹದಿನೈದನೆಯ ತಿದ್ದುಪಡಿ ಅದರ ಬಲವನ್ನು ಕಿತ್ತುಹಾಕಿತು. ಆದರೆ ಪದ ಮಾತ್ರ ಪುಟದಲ್ಲಿ ಹಾಗೆಯೇ ಉಳಿಯಿತು. 1912ರಲ್ಲಿ ಅದನ್ನು ತೆಗೆಯೋಣವೇ ಎಂದು ಕೇಳಿದಾಗ ರಾಜ್ಯದ ಮತದಾರರು ಬೇಡವೆಂದರು. ಅದನ್ನು ಅಳಿಸಿದ್ದು 1923ರಲ್ಲಿ. ಅಷ್ಟು ಹೊತ್ತಿಗೆ ಬ್ರೌನ್‌ಹೆಲ್ಮ್‌ನ ಗುಮಾಸ್ತರು ಕಣ್ಮುಚ್ಚಿ 26 ವರ್ಷಗಳಾಗಿದ್ದವು.

ನಮಸ್ಕಾರ.